ನಾಲ್ಕನೇ ಕಂಡಿಕೆ

ಬನಹಟ್ಟಿ
ಬುಧವಾರ, ೧೨ ಫೆಬ್ರುವರಿ ೨೦೨೫

ಪ್ರೀತಿಯ ತಂಗಿ ಮಂಗಲಾ,

ಮೊಣಕಾಲು ಈಗ ಹೇಗಿದೆ? ಸಂಕ್ರಮಣದ ದಿನ ಫೋನಿನಲ್ಲಿ ಮಾತಾಡಿದಾಗ ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತದೆ ಎಂದಿದ್ದೆ. ಹಾಗಿದ್ದರೆ ಬೆಳಗಿನ ಹಾಲಿಗೆ ನಿನ್ನ ಯಜಮಾನರು ಮಾಂತೇಶರನ್ನೇ ಕಳಿಸು. ಅವರಿಗೂ ನಡೆದಾಡಿದಂತಾಗುತ್ತದೆ, ಇಚಲಕರಂಜಿಯ ಸುದ್ದಿಯೂ ಮನೆಗೆ ಬರುತ್ತದೆ. ಮೊಮ್ಮಗಳು ರಾಧಿಕಾಳ ಪರೀಕ್ಷೆ ಯಾವಾಗ? ಮರಾಠಿ ಸಾಲೆಗೆ ಹೋದರೂ ನಿನ್ನ ಜೊತೆ ಕನ್ನಡದಲ್ಲೇ ಜಗಳಾಡುತ್ತಾಳೆ ಎಂದು ಹೇಳಿದ್ದೆ. ಕೇಳಿ ನಮಗೆ ಬಹಳ ನಗು ಬಂತು. ಇಲ್ಲಿ ನಿನ್ನ ವೈನಿ ಸಾವಕ್ಕನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ. ನಮ್ಮ ನಾಲ್ಕು ಮಗ್ಗದಲ್ಲಿ ಎರಡು ನಡೆಯುತ್ತಿವೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಇನ್ನೂ ಮುಗಿದಿಲ್ಲ, ಆದ್ದರಿಂದ ಜಮಖಂಡಿಗೆ ಹೋಗುವ ದಾರಿಗೆ ಎರಡರಷ್ಟು ಹೊತ್ತು ಹಿಡಿಯುತ್ತಿದೆ. ಉಳಿದಂತೆ ಎಲ್ಲರೂ ಕ್ಷೇಮ.

ಈಗ ವಿಷಯಕ್ಕೆ ಬರುತ್ತೇನೆ. ಆ ಪುಸ್ತಕದ ನಾಲ್ಕನೇ ಕಂಡಿಕೆ ಸಿಕ್ಕಿದೆ. ಅದನ್ನು ನೀನು ಕಳೆದಿರಲಿಲ್ಲ. ಕಳೆದವನು ನಾನು. ಈ ಮೂರು ವಾಕ್ಯಗಳನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹತ್ತು ವರ್ಷಗಳಿಂದ ಪುಸ್ತಕದ ಮಾತು ಬಂದ ಕೂಡಲೇ ನೀನು "ಇರ್ಲಿ ಬಿಡಣ್ಣಾ, ಮತ್ತೇನ ಸುದ್ದಿ" ಎಂದು ಬೇರೆ ಕಡೆಗೆ ತಿರುಗಿಸಿಬಿಡುತ್ತೀ. ೨೦೧೬ರಲ್ಲಿ ನಾನು ಕಳಿಸಿದ ಎರಡು ಕಾದಂಬರಿಗಳ ಪಾರ್ಸಲ್ಲು ದಾರ ಕೂಡ ಬಿಚ್ಚದೆ ತಿರುಗಿ ಬಂತು. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ನನಗೆ ಬೇಕಾದದ್ದು ಎರಡು. ನಿನ್ನ ಹೆಸರಿಗೆ ಅಂಟಿದ ಮಾತು ಅಳಿಯಬೇಕು, ಅದು ಈಗ ಅಳಿದಿದೆ. ನೀನು ಮತ್ತೆ ನಮ್ಮ ಜೊತೆ ಓದಬೇಕು, ಅದು ನಿನ್ನ ಕೈಯಲ್ಲಿದೆ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಕ್ರಮ ಎಂದ ಮೇಲೆ ಮೊದಲಿನಿಂದ ಶುರು ಮಾಡಬೇಕು, ಮೊದಲು ಎಂದರೆ ನಿನ್ನಿಂದ. ೨೦೦೬ರಲ್ಲಿ ನಾವು ಓದುವವರು ಎಂಟು ಮನೆ, ಕೈಗೆ ಸಿಕ್ಕ ದಪ್ಪ ಕಾದಂಬರಿ ಒಂದು. ಮನೆಗೆ ಒಂದು ತಿಂಗಳಂತೆ ಲೆಕ್ಕ ಹಾಕಿದರೆ ಎಂಟನೆಯವರಿಗೆ ಮುಂದಿನ ವರ್ಷ. ಎಲ್ಲರೂ ಚೀಟಿ ಎತ್ತೋಣ ಎನ್ನುತ್ತಿದ್ದಾಗ ನೀನು ಪುಸ್ತಕವನ್ನು ಬೆನ್ನು ಮೇಲಾಗಿ ತಿರುಗಿಸಿ, ಹೊಲಿಗೆಯ ದಾರ ತೋರಿಸಿ, "ಇದನ್ನ ಬಿಚ್ಚಿ ಕಂಡಿಕಿ ಮಾಡ್ರಿ. ಒಬ್ಬರು ಓದೂ ಮುಂದ ಇನ್ನೊಬ್ಬರು ಯಾಕ ಖಾಲಿ ಕೂಡಬೇಕು?" ಎಂದೆ. ಪುಸ್ತಕ ಬಿಚ್ಚುವುದು ಎಂದ ಕೂಡಲೇ ಜಮಖಂಡಿಯ ತುಳಸಾಬಾಯಿಯವರು ಎದೆ ಮೇಲೆ ಕೈ ಇಟ್ಟುಕೊಂಡರು. ಮೂವತ್ತು ವರ್ಷ ಶಿಕ್ಷಕಿಯಾಗಿದ್ದವರು, ಪುಸ್ತಕದ ಕಿವಿ ಮಡಿಸಿದರೂ ಮಕ್ಕಳನ್ನು ಹೊರಗೆ ನಿಲ್ಲಿಸುತ್ತಿದ್ದವರು. ಆದರೆ ಲಾಳಿಯೊಳಗೆ ನೂಲು ಸುತ್ತಿದ ಕಂಡಿಕೆ ಒಂದು ಮುಗಿದರೆ ಇನ್ನೊಂದು ಹಾಕಿ ನೇಯ್ಗೆ ನಿಲ್ಲದಂತೆ ನೋಡಿಕೊಳ್ಳುವ ನಮಗೆ ಅದು ಕೂಡಲೇ ತಿಳಿಯಿತು. ಅರವತ್ತನಾಲ್ಕು ಪುಟಕ್ಕೆ ಒಂದು ಕಂಡಿಕೆ. ಓದಿದವರು ಮುಂದಿನ ಮನೆಗೆ ದಾಟಿಸುವುದು. ಎಲ್ಲ ಮನೆ ಸುತ್ತಿ ಬಂದ ಮೇಲೆ ನಾನು ನಮ್ಮ ಮಗ್ಗದ ಉಳಿಕೆ ನೂಲಿನಿಂದ ಮತ್ತೆ ಹೊಲಿದು, ಸೀರೆಯೊಳಗೆ ಇಡುವ ರಟ್ಟು ಹಾಕಿ ಕಟ್ಟುವುದು. ಉಪಾಯ ಹೇಳಿದವಳು ನೀನು, ಆದ್ದರಿಂದ ಪ್ರತಿ ಪುಸ್ತಕಕ್ಕೂ ಮೊದಲ ಮನೆ ನಿನ್ನದು. ಹೊಲಿಯುವವನು ನಾನು, ಆದ್ದರಿಂದ ಓದುವುದರಲ್ಲಿ ಕಡೆಯವನು.

ಆ ಪದ್ಧತಿಯಿಂದ ನಮಗೆ ದಕ್ಕಿದ್ದು ಎಷ್ಟು ಎಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ, ನಾನು ಹೇಳುತ್ತೇನೆ. ಈಗ ನಾವು ಮೂವತ್ತೊಂದು ಮನೆ. ಮುಧೋಳದಲ್ಲಿ ಆರು, ಬೀಳಗಿ ಕಡೆ ಐದು, ಸಾವಳಗಿಯಲ್ಲಿ ಮೂರು, ಉಳಿದವು ಜಮಖಂಡಿ ಮತ್ತು ನಮ್ಮ ರಬಕವಿ-ಬನಹಟ್ಟಿ. ಪುಸ್ತಕಗಳು ಐದುನೂರರ ಹತ್ತಿರ, ಒಂದೂ ಹೊಸದಲ್ಲ. ಜಮಖಂಡಿಯ ರದ್ದಿ ಅಂಗಡಿಯ ಚನಮಲ್ಲಪ್ಪ ಈಗಲೂ ಕಾದಂಬರಿ ಬಂದರೆ ತಕ್ಕಡಿಗೆ ಹಾಕದೆ ಬೇರೆ ಇಡುತ್ತಾನೆ. ಹೊದಿಕೆಗಳ ಮೇಲೆ ಹೆಚ್ಚಾಗಿ ಹೆಂಗಸರ ಚಿತ್ರ ಇರುತ್ತದಲ್ಲ, ಅಂಗಡಿ ತುಂಬ ಗಿರಾಕಿಗಳಿದ್ದರೂ ಲಕ್ಷ್ಯವಿಲ್ಲದೆ "ಪ್ರಭಣ್ಣಾ, ಬಾ ಬಾ, ನಿನ್ನ ಹೆಂಗಸರು ನಾಕ ಮಂದಿ ಬಂದ ಕುಂತಾರ" ಎಂದು ಕೂಗುತ್ತಾನೆ. ಒಮ್ಮೆ ಸಾವಕ್ಕ ಜೊತೆಗಿದ್ದಳು. "ನಾಕೂ ಕರ್ಕೊಂಡ ನಡೀರಿ, ಅಡಗಿ ಮಾಡಾಕರ ಆಕ್ಕಾರ" ಎಂದಳು. ಹಳೆಯ ಪುಸ್ತಕದಲ್ಲಿ ಕತೆಯ ಜೊತೆಗೆ ಬೇರೆಯವರ ಸಂಸಾರವೂ ಬರುತ್ತದೆ. ಲೋಕಾಪುರದ ಬಸ್ಸಿನ ಚೀಟಿ, ಕೂಸಿಗೆ ಇಡಬೇಕಾದ ಹನ್ನೊಂದು ಹೆಸರುಗಳ ಯಾದಿ, ಅದರಲ್ಲಿ ಎಂಟಕ್ಕೆ ಅಡ್ಡ ಗೆರೆ. ಒಂದರ ಮೊದಲ ಪುಟದಲ್ಲಿ, ಈ ಪುಸ್ತಕ ಕದ್ದವರು ಗಣಿತದಲ್ಲಿ ನಪಾಸಾಗಲಿ, ಎಂದಿತ್ತು. ನಾನು ಆ ವಿಷಯದಲ್ಲಿ ಮೊದಲೇ ನಪಾಸಾದವನು, ಧೈರ್ಯವಾಗಿ ತಂದೆ. ಇಂಥ ಸುಖಕ್ಕೆಲ್ಲ ಮೂಲ ನಿನ್ನ ಮಾತು. ನೀನು ಹೋದ ಮೇಲೆ ಮೊದಲ ಮನೆಯ ಜಾಗವನ್ನು ಯಾರಿಗೂ ಕೊಟ್ಟಿಲ್ಲ. ಕಂಡಿಕೆ ಸುತ್ತುವ ಪೇಪರಿನ ಮೇಲೆ ಬರೆಯುವ ಮನೆಗಳ ಯಾದಿ ಇವತ್ತಿಗೂ ಎರಡು ಎಂಬ ಅಂಕಿಯಿಂದಲೇ ಶುರುವಾಗುತ್ತದೆ.

ಇನ್ನು ೨೦೧೪. ತುಳಸಾಬಾಯಿಯವರ ಯಜಮಾನರು ಸದಾಶಿವರಾಯರು ತೀರಿಕೊಂಡ ಮರುವರ್ಷ. ರಾಯರು ಧಾರವಾಡದಲ್ಲಿ ಹಳೆಯ ಪುಸ್ತಕದವನಿಂದ ಕೊಂಡು ತಂದಿದ್ದ ಒಂದು ದೊಡ್ಡ ಕಾದಂಬರಿಯನ್ನು ಆಕೆ ನಮಗೆ ಕೊಟ್ಟರು. ಮೊದಲ ಪುಟಗಳು ಹೋಗಿದ್ದರಿಂದ ಹೆಸರು ಗೊತ್ತಿರಲಿಲ್ಲ. ಕಥಾನಾಯಕಿ ವಿಮಲಾ ಎಂದು ಮಾತ್ರ ಗೊತ್ತಿತ್ತು. "ಅವರು ಇದನ್ನ ಮೂರು ಸರ್ತೆ ಓದಿದ್ರು. ಓದು ಓದು ಅಂತಿದ್ರು, ನನಗ ಸಾಲಿ ಬಿಟ್ಟ ಪುರಸೊತ್ತಿರಲಿಲ್ಲ. ಈಗ ನಿಮ್ಮೆಲ್ಲಾರ ಸಂಗತೀನ ಓದ್ತೇನಿ" ಎಂದು ಹೇಳಿ, ತಾವೇ ಬಿಚ್ಚಲು ಒಪ್ಪಿದರು. ಒಂಬತ್ತು ಕಂಡಿಕೆಗಳಾದವು. ಮೊದಲ ಮೂರು ನೀನು ಓದಿ ದಾಟಿಸಿದೆ. ಎರಡನೇ ಮನೆ ಮುಧೋಳದ ವೇದವ್ಯಾಸರದು. ಅವರು ಆಗ ತಾನೇ ಕಣ್ಣಿನ ಆಪರೇಶನ್ ಮಾಡಿಸಿಕೊಂಡಿದ್ದರಿಂದ ಆ ಮೂರೂ ಅಲ್ಲೇ ಸುತ್ತಿದ್ದ ಹಾಗೇ ಉಳಿದವು. ನೀನು ನಾಲ್ಕನೆಯದನ್ನು ಮುಗಿಸಿ ನಮ್ಮ ಮಗ್ಗದ ಮನೆಯ ಗೂಡಿನಲ್ಲಿ ಇಟ್ಟು ಹೋದೆ. ಮೊದಲ ಮನೆಯಿಂದ ಬಂದದ್ದಕ್ಕೆ ಪೇಪರು ಸುತ್ತಿ ಹೆಸರು ಬರೆಯುವುದು ನನ್ನ ಕೆಲಸ, ಆದ್ದರಿಂದ ಅದರ ಮೇಲೆ ಯಾವ ಗುರುತೂ ಇರಲಿಲ್ಲ.

ಆ ಕಂಡಿಕೆ ಮುಂದೆ ಹೋಗಲಿಲ್ಲ. ಆಗಸ್ಟ್ ೨೪, ನಾಲ್ಕನೇ ರವಿವಾರ, ತುಳಸಾಬಾಯಿಯವರ ಮನೆಯ ಕಟ್ಟೆಯ ಮೇಲೆ ನಾವೆಲ್ಲ ಸೇರಿದ್ದೆವು. ನೀನು "ಅಣ್ಣನ ಗೂಡಿನ್ಯಾಗ ಇಟ್ಟ ಬಂದೇನಿ" ಎಂದು ಎರಡು ಸಲ ಹೇಳಿದೆ. ನಾನು ನೋಡಿಲ್ಲ ಎಂದೆ. ಆಗ ಸಾವಕ್ಕನ ಬಾಯಿಂದ ಆ ಮಾತು ಬಂತು. "ಮಗ್ಗಾ ಉಳಿಸ್ಕೊಳ್ಳಾಕ ಆಗಲಿಲ್ಲ, ಇನ್ನ ಹಾಳಿ ಉಳಿಸ್ಕೊಂತಾಳೇನ?" ನಿಮ್ಮ ಮಗ್ಗಗಳು ಕೈಬಿಟ್ಟು ಆಗ ಎರಡು ತಿಂಗಳು ಕೂಡ ಆಗಿರಲಿಲ್ಲ. ಕಟ್ಟೆಯ ಮೇಲೆ ಹದಿನಾಲ್ಕು ಜನ ಇದ್ದೆವು. ಯಾರೂ ನಿನ್ನ ಪರ ಬರಲಿಲ್ಲ, ನಾನೂ ಬರಲಿಲ್ಲ. ನೀನು ಚಹಾದ ಬಸಿ ಕೆಳಗಿಟ್ಟು, ತುಳಸಾಬಾಯಿಯವರಿಗೆ ನಮಸ್ಕಾರ ಮಾಡಿ, ಒಬ್ಬಳೇ ಬಸ್ಸಿಗೆ ನಡೆದೆ. ದೀಪಾವಳಿ ಮುಗಿದ ಮೇಲೆ ನೀವು ಇಚಲಕರಂಜಿಗೆ ಹೋದಿರಿ. ಮಗ್ಗದ ಕೆಲಸಕ್ಕಾಗಿ ಹೋದಿರಿ ಎಂದು ನಾನು ಎಲ್ಲರಿಗೂ ಹೇಳಿದೆ, ಅದು ನಿಜವೂ ಹೌದು. ಆದರೆ ಅದಷ್ಟೇ ನಿಜವಲ್ಲ ಎಂದು ನನಗೆ ಗೊತ್ತು. ತುಳಸಾಬಾಯಿಯವರು ಉಳಿದ ಎಂಟು ಕಂಡಿಕೆಗಳನ್ನು ವಾಪಸು ತರಿಸಿ ಟ್ರಂಕಿನಲ್ಲಿಟ್ಟರು. ನಡುವೆ ಮುರಿದ ಪುಸ್ತಕವನ್ನು ಓದಲು ಮನಸ್ಸಾಗಲಿಲ್ಲ ಅವರಿಗೆ.

ಇನ್ನು ನನ್ನ ತಪ್ಪು. ಆ ವರ್ಷದ ಜುಲೈಯಲ್ಲಿ ನಾನು ಚನಮಲ್ಲಪ್ಪನಿಂದ ಇನ್ನೊಂದು ಕಾದಂಬರಿ ತಂದಿದ್ದೆ. ಅದರ ನಾಯಕಿ ಯಮುನಾ. ಅದಕ್ಕೂ ಹೊದಿಕೆ ಇರಲಿಲ್ಲ, ಮೊದಲ ಪುಟಗಳಿರಲಿಲ್ಲ, ಜೊತೆಗೆ ೧೯೩ರಿಂದ ೨೫೬ರವರೆಗಿನ ಪುಟಗಳೂ ಇರಲಿಲ್ಲ. ಲೆಕ್ಕ ಹಾಕಿದರೆ ಸರಿಯಾಗಿ ನಾಲ್ಕನೇ ಕಂಡಿಕೆ. ಚನಮಲ್ಲಪ್ಪ "ಇನ್ನೊಂದ ಚೀಲದಾಗ ಐತಿ ತಡೀಪಾ, ಹುಡುಕಿ ಬಸ್ಸಿನಾಗ ಕೊಟ್ಟ ಕಳಸ್ತೇನಿ" ಎಂದಿದ್ದ. ಒಂದು ವಾರದ ಮೇಲೆ ಗೂಡಿನಲ್ಲಿ ಒಂದು ಕಂಡಿಕೆ ಕಂಡಿತು. ಪುಟ ೧೯೩ರಿಂದ ೨೫೬. ಅದೇ ಅಳತೆ, ಅದೇ ಅಕ್ಷರ, ಅದೇ ಹಳದಿ ಕಾಗದ. ಎರಡೂ ಒಂದೇ ಮುದ್ರಣಾಲಯದವು ಎಂದು ಈಗ ಗೊತ್ತಾಗಿದೆ. ಚನಮಲ್ಲಪ್ಪ ಮಾತಿಗೆ ತಪ್ಪಲಿಲ್ಲ ಎಂದುಕೊಂಡು ಅದನ್ನು ಯಮುನಾಳ ಪುಸ್ತಕದೊಳಗೆ ಇಟ್ಟು ಹೊಲಿದುಬಿಟ್ಟೆ. ಕಟ್ಟೆಯ ಮೇಲೆ ನೀನು ಗೂಡು ಎಂದಾಗ ನನ್ನ ತಲೆಯಲ್ಲಿ ಇದ್ದದ್ದು ಚನಮಲ್ಲಪ್ಪನ ಕಂಡಿಕೆ. ನಿನ್ನದು ಬೇರೆ ಎಂದೇ ತಿಳಿದಿದ್ದೆ. ಗೊತ್ತಿಲ್ಲದೆ ಮಾಡಿದೆ, ಆದರೆ ಮಾಡಿದವನು ನಾನೇ.

ಮುಂದಿನ ಭಾಗ ಓದಿದರೆ ನಿನಗೆ ನಗು ಬರಬಹುದು, ಬರಲಿ ಎಂದೇ ಬರೆಯುತ್ತಿದ್ದೇನೆ. ಯಮುನಾಳ ಪುಸ್ತಕವನ್ನು ಹತ್ತು ವರ್ಷದಲ್ಲಿ ನಾಲ್ಕೂ ತಾಲೂಕಿನವರು ಓದಿದರು. ಎಲ್ಲರೂ ಹೊಗಳಿದರು. ೧೯೨ನೇ ಪುಟದ ಕಡೆಯಲ್ಲಿ ಯಮುನಾಳ ಮದುವೆ ಮುಗಿಯುತ್ತದೆ. ೧೯೩ರಿಂದ ಅವಳ ಹೆಸರು ವಿಮಲಾ. ಒಬ್ಬರಾದರೂ ಇದೇನು ಎಂದು ಕೇಳಬೇಕಿತ್ತಲ್ಲ? ಕೇಳಲಿಲ್ಲ. ನಮ್ಮ ಕಡೆ ಲಗ್ನದಲ್ಲಿ ಗಂಡನ ಮನೆಯವರು ಹೊಸ ಹೆಸರು ಇಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ತುಳಸಾಬಾಯಿಯವರು ತವರಿನಲ್ಲಿ ಗೋದಾ, ಗಂಡನ ಮನೆಯಲ್ಲಿ ತುಳಸಾ. ಯಾರಾದರೂ ಹೊಸಬರು ತಡವರಿಸಿದರೆ ಅವರೇ ಸಮಾಧಾನ ಹೇಳುತ್ತಿದ್ದರು: "ಅದರಾಗ ಏನದ? ಅಕ್ಕಿಕಾಳಿನಾಗ ಬರದು ಹೆಸರು ಇಟ್ಟಿರತಾರ. ಅದನ್ನೂ ಬರೀಬೇಕೇನು ಲೇಖಕರು?" ೨೫೭ನೇ ಪುಟದಲ್ಲಿ ಅವಳು ತವರಿನಲ್ಲಿರುತ್ತಾಳೆ, ಅಲ್ಲಿ ಮತ್ತೆ ಯಮುನಾ. ತವರಿನವರು ಹಳೆಯ ಹೆಸರಿನಿಂದ ಕರೆಯುವುದು ಸಹಜ ಎಂದು ಅದಕ್ಕೂ ಒಪ್ಪಿಗೆ. ವರನ ತಾಯಿ ಅರವತ್ತನೇ ಪುಟದಲ್ಲೇ ಸತ್ತಿದ್ದರೂ ೨೧೦ನೇ ಪುಟದಲ್ಲಿ ಸೊಸೆಗೆ ಬೈಯುತ್ತಾಳೆ. ಸಾವಕ್ಕ "ಮಾವಗ ಎರಡನೇ ಸಂಬಂಧ ಇರಬೇಕ ತಗೋ" ಎಂದು ಆ ತೊಡಕನ್ನೂ ಬಿಡಿಸಿದಳು. ವೇದವ್ಯಾಸರಂತೂ ಒಂದು ಸಾಲನ್ನು ಬಾಯಿಪಾಠ ಮಾಡಿದ್ದರು. ೧೯೨ರ ಕಡೆಯ ಸಾಲು, "ಮದುವೆಯ ಚಪ್ಪರ ಇಳಿಯಿತು." ೧೯೩ರ ಮೊದಲ ಸಾಲು, "ಹೊರಗೆ ಯಾರೂ ಇರಲಿಲ್ಲ." "ಆರ ಶಬ್ದದಾಗ ಹೆಣ್ಣಿನ ಜನ್ಮ ಹೇಳಿಬಿಟ್ಟಾರ್ರೀ" ಎಂದು ಕಂಡಕಂಡವರಿಗೆ ಹೇಳುತ್ತಿದ್ದರು. ಇದನ್ನು ಒಂದೇ ನೋಟಕ್ಕೆ ಹಿಡಿಯಬಲ್ಲವಳು ಇಡೀ ನಾಲ್ಕು ತಾಲೂಕಿನಲ್ಲಿ ಒಬ್ಬಳೇ ಇದ್ದಳು. ಆ ಪುಟಗಳನ್ನು ಅವುಗಳ ಸ್ವಂತ ಪುಸ್ತಕದೊಳಗೆ ಓದಿದವಳು ನೀನೊಬ್ಬಳೇ. ನಿನ್ನನ್ನೇ ನಾವು ದೂರ ಮಾಡಿಕೊಂಡು ಕೂತಿದ್ದೆವು.

ಗಲಗಲಿಯಲ್ಲಿ ಶ್ರೀದೇವಿ ಎಂಬ ನರ್ಸಬಾಯಿ ಇದ್ದಾಳೆ, ಇಪ್ಪತ್ತೊಂಬತ್ತು ವಯಸ್ಸು, ಎರಡು ವರ್ಷದ ಹಿಂದೆ ನಮ್ಮ ಮನೆಗಳ ಯಾದಿಗೆ ಸೇರಿದವಳು. ನೀನು ಅವಳನ್ನು ನೋಡಿಲ್ಲ. ಕಳೆದ ತಿಂಗಳ ಹದಿನೆಂಟರಂದು ಅವಳ ಫೋನು ಬಂತು. "ಕಾಕಾ, ಯಮುನಾ ವಿಮಲಾ ಹೆಂಗಾದ್ಲ್ರಿ?" ನಾನು ಲಗ್ನದ ಹೆಸರಿನ ಸಂಗತಿ ಹೇಳಿದೆ. "ನನ್ನ ಲಗ್ನ ಆಗಿ ಐದ ವರ್ಷ ಆತ್ರಿ, ನಾ ಇನ್ನೂ ಶ್ರೀದೇವೀನ ಅದೇನಿ. ಅದಿರ್ಲಿ, ಮದುವಿಗಿ ಮದಲ ಆಕಿ ಎಡಗೈಲೆ ಬರೀತಿದ್ಲು, ಮದುವಿ ಆದ ಮ್ಯಾಲ ಬಲಗೈಲೆ ಬರೀತಾಳ. ಕೈನೂ ಬದಲ ಮಾಡ್ತಾರೇನ್ರಿ ಲಗ್ನದಾಗ?" ಪುಸ್ತಕ ತೆಗೆದುಕೊಂಡು ಮುಂದಿನ ಸಭೆಗೆ ಬಾ ಎಂದೆ.

ಆ ಸಭೆ ಜನವರಿ ೨೬ರಂದು, ಧ್ವಜಾರೋಹಣ ಮುಗಿದ ಮೇಲೆ, ಅದೇ ಕಟ್ಟೆಯ ಮೇಲೆ. ವೇದವ್ಯಾಸರು ಹುಬ್ಬಳ್ಳಿಯ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು ಎಂಬುದು ನಿನಗೆ ಗೊತ್ತೇ ಇದೆ. ಅವರು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು ಹದಿನಾರು ಪುಟಕ್ಕೊಂದರಂತೆ ಕೆಳಗಿನ ಮೂಲೆಯನ್ನು ಮಾತ್ರ ನೋಡುತ್ತ ಹೋದರು. ಯಾವ ಪುಸ್ತಕದ ಹಾಳೆ ಎಂದು ಮಡಚುವವರಿಗೆ ತಿಳಿಯಲಿ ಎಂದು ಅಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರ ಹಾಕಿರುತ್ತಾರಂತೆ. ೧೭೭ನೇ ಪುಟದಲ್ಲಿ 'ಬ' ಇತ್ತು. ೧೯೩ರಲ್ಲಿ 'ಸ'. ೨೫೭ರಲ್ಲಿ ಮತ್ತೆ 'ಬ'. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ನಾ ಹತ್ತ ವರ್ಷ ಬಾಯಿಪಾಠ ಮಾಡಿದ್ದು ಇಬ್ಬರು ಲೇಖಕರ ಸಾಲು" ಎಂದರು. ಯಾರೂ ನಗುವ ಮೊದಲು ತುಳಸಾಬಾಯಿಯವರು ಎದ್ದು ಒಳಗೆ ಹೋದರು. ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು. ಎಂಟು ಕಂಡಿಕೆಗಳನ್ನು ಹಳೆಯ ಪತ್ತಲದ ತುಂಡಿನಲ್ಲಿ ಸುತ್ತಿಟ್ಟಿದ್ದರು. ಮೂರನೆಯದರ ಕಡೆಯ ಪುಟ ತೆಗೆದು ಅವರೇ ಗಟ್ಟಿಯಾಗಿ ಓದಿದರು: "ಎರಡನೆಯ ಸಲ ಸದ್ದಾದಾಗ ವಿಮಲಾ ಎದ್ದು ಬಾಗಿಲು ತೆರೆದಳು." ಶ್ರೀದೇವಿ ಮುಂದಿನದನ್ನು ಓದಿದಳು: "ಹೊರಗೆ ಯಾರೂ ಇರಲಿಲ್ಲ."

ಮಂಗಲಾ, ಪತ್ರಿಕೆಗಳ ಮೇಲೆ ನನ್ನದೊಂದು ಹಳೆಯ ದೂರಿದೆ. ತಪ್ಪು ಸುದ್ದಿ ಮೊದಲ ಪುಟದಲ್ಲಿ ಬರುತ್ತದೆ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ ಬರುತ್ತದೆ. ಅದಕ್ಕೆ ಈ ತಿದ್ದುಪಡಿಯನ್ನು ಅದೇ ಕಟ್ಟೆಯ ಮೇಲೆ ಎದ್ದು ನಿಂತು ಹೇಳಿದೆ. ಆಗಸ್ಟ್ ೨೪, ೨೦೧೪ರಂದು ಇಲ್ಲಿ ನನ್ನ ತಂಗಿಯ ಮೇಲೆ ಬಂದ ಮಾತು ಸುಳ್ಳು, ಆಕೆ ಕಂಡಿಕೆಯನ್ನು ಹೇಳಿದ ಜಾಗದಲ್ಲೇ ಇಟ್ಟಿದ್ದಳು, ಬೇರೆ ಪುಸ್ತಕಕ್ಕೆ ಹೊಲಿದವನು ನಾನು. ಅಂದು ಇದ್ದವರಲ್ಲಿ ನಾನೂ ಸೇರಿ ಒಂಬತ್ತು ಜನ ಈ ಸಭೆಯಲ್ಲೂ ಇದ್ದೆವು. ಬರದಿದ್ದವರಲ್ಲಿ ಇಬ್ಬರಿಗೆ ಮನೆಗೆ ಹೋಗಿ ಹೇಳಿ ಬಂದೆ, ಒಬ್ಬರಿಗೆ ಫೋನು ಮಾಡಿದೆ. ಉಳಿದ ಒಬ್ಬರು ಈಗ ಇಲ್ಲ. ಹದಿನಾಲ್ಕನೆಯವಳು ನೀನು, ನಿನಗೆ ಈ ಕಾಗದ.

ನಿನ್ನ ವೈನಿಯ ಬಗ್ಗೆಯೂ ಬರೆಯಬೇಕು. ಸಭೆಯಿಂದ ನಾವಿಬ್ಬರೂ ಒಟ್ಟಿಗೆ ಮರಳಿದೆವು. ಬಸ್ಸಿನಲ್ಲಿ ರಬಕವಿ ದಾಟುವವರೆಗೂ ಅವಳ ಮುಖ ಕಿಟಕಿಯ ಕಡೆಗೇ. ಮನೆಗೆ ಬಂದು ನೀರು ಕುಡಿದು, "ಆ ಮಾತ ಅಂದದ್ದು ಕಂಡಿಕಿ ಸಲುವಾಗಿ ಅಲ್ಲರಿ. ನಮ್ಮ ಮಗ್ಗಾನೂ ಹೋಗ್ತಾವೇನೋ ಅಂತ ಹೊಟ್ಟ್ಯಾಗ ಅಂಜಿಕಿ ಇತ್ತು, ಅದು ಆಕಿ ಮ್ಯಾಲ ಬಿತ್ತು" ಎಂದಳು. ಲೋಟ ಕೆಳಗಿಟ್ಟು, "ಅಂದದ್ದ ನಾನು, ನಾನ ಹೋಗಿ ತಪ್ಪಾತು ಅಂತೇನಿ. ಕಾಗದದಾಗ ನೀವ ಬರದ ಮುಗಿಸಬ್ಯಾಡ್ರಿ" ಎಂದು ತಾಕೀತು ಮಾಡಿದಳು. ಆದ್ದರಿಂದ ನಾನು ಅವಳ ಪರವಾಗಿ ಕ್ಷಮೆ ಕೇಳುತ್ತಿಲ್ಲ. ಅವಳು ಬರುವ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಇಚಲಕರಂಜಿಗೆ ಬರುತ್ತಾಳೆ. ಸಜ್ಜಿ ರೊಟ್ಟಿ ಮತ್ತು ಗುರೆಳ್ಳು ಚಟ್ನಿ ಕಟ್ಟಿಕೊಂಡೇ ಬರುತ್ತಾಳೆ. ಬೈಯುವುದಿದ್ದರೆ ಊಟ ಆದ ಮೇಲೆ ಬೈ, ಅವಳ ಗುಳಿಗೆಯ ಹೊತ್ತು ತಪ್ಪಬಾರದು.

ಅವಳ ಕೈಯಲ್ಲಿ ಒಂದು ಕಟ್ಟು ಕಳಿಸುತ್ತೇನೆ. ಅದರಲ್ಲಿ ತುಳಸಾಬಾಯಿಯವರ ಪುಸ್ತಕದ ಐದನೇ ಕಂಡಿಕೆ ಇದೆ. ನಾಲ್ಕನೆಯದನ್ನು ನೀನು ಓದಿದ್ದೀ, ಆದ್ದರಿಂದ ಈಗ ಓದಬೇಕಾದದ್ದು ಐದು. ಬೇಕಾದರೆ ಮೊದಲ ನಾಲ್ಕನ್ನೂ ಮತ್ತೆ ಕಳಿಸುತ್ತೇನೆ, ಹತ್ತು ವರ್ಷದಲ್ಲಿ ಕತೆ ಮರೆತಿರಬಹುದು. ಅಂದು ಕಟ್ಟೆಯ ಮೇಲೆ ಶ್ರೀದೇವಿ ಉಳಿದದ್ದನ್ನು ತಾನು ಒಯ್ಯಲೇ ಎಂದು ಕೇಳಿದಳು. ಅವಳ ತಪ್ಪಿಲ್ಲ, ಕಂಡುಹಿಡಿದವಳು ಅವಳೇ. ತುಳಸಾಬಾಯಿಯವರು ಒಪ್ಪಲಿಲ್ಲ. "ನಾಕನೇದು ನಾ ಆಗಲೇ ಓದೇನಿ, ಯಮುನಾನ ಹೊಟ್ಟ್ಯಾಗ. ಅದ ಎಲ್ಲಾಕ್ಕಿಂತ ಛಲೋ ಇತ್ತು ಅಂತ ಹೊಗಳಿದಾಕೀನೂ ನಾನ. ನಮ್ಮವರು ಓದು ಓದು ಅಂದದ್ದು ಅದನ್ನ ಅಂತ ಗೊತ್ತಾಗಲಿಲ್ಲ ನೋಡು" ಎಂದು ನಕ್ಕರು, ಕಣ್ಣು ಒರೆಸಿಕೊಂಡರು. ಆಮೇಲೆ, "ಮದಲನೇ ಮನಿ ಮಂಗಲಾಂದು. ಆಕಿ ಓದಿ ಕಳಸ್ಲಿ, ನಾ ಕಾಯ್ತೇನಿ. ಆದ್ರ ಎಂಬತ್ತಮೂರು ಆತಂತ ಆಕಿಗೆ ತಿಳಿಸು, ಪ್ರಭುಲಿಂಗ. ಭಾಳ ಕಾಯಸಬಾರದು" ಎಂದರು. ಎಲ್ಲರೂ ಒಪ್ಪಿದರು. ನೀನು ದಾಟಿಸುವವರೆಗೆ ಮೂವತ್ತೊಂದು ಮನೆಯಲ್ಲಿ ಯಾರೂ ಆ ಪುಸ್ತಕದ ಮುಂದಿನ ಪುಟ ಓದುವುದಿಲ್ಲ.

ಯಮುನಾಳ ಪುಸ್ತಕದಲ್ಲಿ ಈಗ ಮತ್ತೆ ತೂತು ಬಿದ್ದಿದೆ. ಚನಮಲ್ಲಪ್ಪನನ್ನು ಕೇಳಿದರೆ, "ಹತ್ತ ವರ್ಷದ ಮ್ಯಾಲ ಕೇಳಾಕ ಬಂದೀಯಲ್ಲೋ, ಅದು ಯಾವ ಊರಾಗ ಬಜಿ ಕಟ್ಟಿ ಮುಗದೈತೋ" ಎಂದ. ಓದುಗರಲ್ಲಿ ಕೆಲವರು ತಪ್ಪು ಕಂಡಿಕೆಯೇ ಇರಲಿ, ಕತೆ ಅದರಿಂದಲೇ ರುಚಿಯಾಗಿತ್ತು ಎನ್ನುತ್ತಿದ್ದಾರೆ. ನಾನು ಅಷ್ಟು ಹಾಳೆಯನ್ನು ಖಾಲಿ ಬಿಟ್ಟು ಹೊಲಿಯುವುದೆಂದು ನಿಶ್ಚಯಿಸಿದ್ದೇನೆ. ಯಾರಿಗೆ ಏನು ಅನಿಸುತ್ತದೋ ಅದನ್ನು ಅಲ್ಲಿ ಬರೆಯಲಿ.

ನಿನಗೆ ಕೃತಜ್ಞತೆ ಹೇಳುವುದು ನನಗೆ ರೂಢಿಯಿಲ್ಲ. ಅಣ್ಣನಾದವನು ತಂಗಿಗೆ ಹೇಳುವುದು ನಮ್ಮ ಮನೆಯಲ್ಲಿ ಯಾರಿಗೂ ರೂಢಿಯಿಲ್ಲ. ಆದರೂ ಹೇಳುತ್ತೇನೆ. ಮಗ್ಗ ನಿಂತ ಮಧ್ಯಾಹ್ನಗಳಲ್ಲಿ ನನಗೆ ಬೇಸರ ಆಗದೇ ಇದ್ದದ್ದು, ಗುರುತಿಲ್ಲದ ಊರುಗಳಲ್ಲಿ "ಕಂಡಿಕಿ ಕಾಕಾ ಬಂದ್ರು" ಎಂದು ಜನ ಬಾಗಿಲು ತೆರೆಯುವುದು, ಈ ವಯಸ್ಸಿನಲ್ಲಿ ಹೊಸ ಗೆಳೆಯರಾಗುವುದು, ಇದೆಲ್ಲ ನೀನು ಆ ದಿನ ಒಂದು ದಾರ ತೋರಿಸಿದ್ದರಿಂದ ಬಂತು.

ಮಾಂತೇಶರಿಗೆ ನಮಸ್ಕಾರ ತಿಳಿಸು. ರಾಧಿಕಾಳಿಗೆ ನನ್ನ ಆಶೀರ್ವಾದ, ಅವಳು ಪರೀಕ್ಷೆಯಲ್ಲಿ ಗೆಲ್ಲಲಿ, ಜಗಳದಲ್ಲಿ ನೀನು ಗೆಲ್ಲು. ಕಾಲಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಡಬೇಡ. ದೇವರು ನಿನ್ನ ಮನೆಯನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಣ್ಣ,
ಪ್ರಭುಲಿಂಗ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಗೊತ್ತಿಲ್ಲದೆ ಮಾಡಿದೆ ಎಂದು ಬರೆದಿದ್ದೇನಲ್ಲ, ಅದು ೨೦೧೭ರವರೆಗೆ ಮಾತ್ರ ನಿಜ. ಆ ವರ್ಷ ಶ್ರಾವಣದಲ್ಲಿ ಯಮುನಾಳ ಪುಸ್ತಕದ ಬೆನ್ನು ಬಿಟ್ಟಿತ್ತು, ಮತ್ತೆ ಹೊಲಿಯಲು ಬಿಚ್ಚಿದೆ. ಉಳಿದ ಕಂಡಿಕೆಗಳಿಗೆ ಹಳೆಯ ಹೊಲಿಗೆಯ ನಾಲ್ಕು ತೂತು, ಅದೊಂದಕ್ಕೆ ಐದು. ಸದಾಶಿವರಾಯರು ತಮ್ಮ ಪುಸ್ತಕಗಳಿಗೆ ಧಾರವಾಡದಲ್ಲಿ ಐದು ತೂತಿನ ಗಟ್ಟಿ ಹೊಲಿಗೆ ಹಾಕಿಸುತ್ತಿದ್ದರು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ನೀನು ಗೂಡಿನಲ್ಲಿ ಇಟ್ಟು ಹೋದ ಕಂಡಿಕೆಯೇ ಎಂದು ಆಗಲೇ ತಿಳಿಯಿತು. ಮನೆಯಲ್ಲಿ ಸಾವಕ್ಕನಿಗೆ ಅವಳು ಅಂದ ಮಾತು ತಪ್ಪು ಎನ್ನುವ ಧೈರ್ಯ ಬರಲಿಲ್ಲ, ಕಟ್ಟೆಯ ಮೇಲೆ ನನ್ನದೇ ತಪ್ಪು ಎನ್ನುವ ಧೈರ್ಯ ಅದಕ್ಕಿಂತ ಕಡಿಮೆ ಇತ್ತು. ಐದನೇ ತೂತಿಗೆ ಗೋಂದು ಹಚ್ಚಿ ಮುಚ್ಚಿ ಹೊಲಿದುಬಿಟ್ಟೆ. ಏಳೂವರೆ ವರ್ಷ ನಿನಗೆ ಫೋನು ಮಾಡಿದಾಗಲೆಲ್ಲ ಇದು ಬಾಯಿಯವರೆಗೆ ಬರುತ್ತಿತ್ತು, ನೀನು ಬೇರೆ ಸುದ್ದಿ ಕೇಳಿದ ಕೂಡಲೇ ನನಗೆ ಬಿಡುಗಡೆ ಸಿಕ್ಕಂತಾಗುತ್ತಿತ್ತು. ಶ್ರೀದೇವಿ ಕೇಳದಿದ್ದರೆ ನಾನಾಗಿ ಹೇಳುತ್ತಿದ್ದೆನೋ ಇಲ್ಲವೋ, ಅದು ನನಗೆ ಗೊತ್ತಿಲ್ಲ. ಇದು ಸಾವಕ್ಕನಿಗೂ ತಿಳಿಯದು. ಅವಳು ಸೋಮವಾರ ಹೊರಡುವ ಮೊದಲು ಅವಳಿಗೆ ಹೇಳುತ್ತೇನೆ, ೨೩ರ ರವಿವಾರ ಕಟ್ಟೆಯ ಮೇಲೆ ಎಲ್ಲರಿಗೂ ಹೇಳುತ್ತೇನೆ. ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟು ಇಟ್ಟುಕೋ. ಐದನೇ ಕಂಡಿಕೆಯ ಕಟ್ಟನ್ನು ಮಾತ್ರ ತುಳಸಾಬಾಯಿಯವರಿಗಾಗಿ ಬಿಚ್ಚು.